ದಿನಕ್ಕೆ ಸಾವಿರ ಮೇಲ್ ಬರುವ ಲಿಸ್ಟ್‌ಗೆ ಥಂಡರ್‌ಬರ್ಡ್ ತಡೆಯುತ್ತದೆಯೇ?

ಕಂಪ್ಯೂಟರ್‌ನಲ್ಲಿ ಮೇಲ್ ಓದುವ ಸಾಫ್ಟ್‌ವೇರ್ ಆದ ಥಂಡರ್‌ಬರ್ಡ್‌ನಲ್ಲಿ ಮೊದಲು ಕಲಿಯಬೇಕಾದದ್ದು ‘ಕೆ’ ಕೀ. ಒಬ್ಬರು ಬರೆದದ್ದು ಸದಸ್ಯರಿಗೆಲ್ಲ ಹೋಗುವ ಮೇಲಿಂಗ್ ಲಿಸ್ಟ್‌ನ ಒಂದು ಚರ್ಚೆ ನಿಮಗೆ ಬೇಡ ಎಂದು ಗೊತ್ತಾದ ಕೂಡಲೇ ಅದನ್ನು ಆರಿಸಿ ‘ಕೆ’ ಒತ್ತಿ. ಥ್ರೆಡ್, ಅಂದರೆ ಮೊದಲ ಮೇಲ್ ಮತ್ತು ಅದರ ಉತ್ತರಗಳ ಸರಪಳಿ, ಪೂರ್ತಿ ಪಟ್ಟಿಯಿಂದ ಮಾಯವಾಗುತ್ತದೆ. ನಾಳೆ, ನಾಡಿದ್ದು ಅದಕ್ಕೆ ಬರುವ ಉತ್ತರಗಳೂ ಓದಿದ ಲೆಕ್ಕಕ್ಕೆ ಸೇರಿ ಮರೆಯಲ್ಲೇ ಉಳಿಯುತ್ತವೆ. ಪ್ರೋಗ್ರಾಮಿಂಗ್ ಲಿಸ್ಟ್‌ಗಳನ್ನು ಹಿಂಬಾಲಿಸುವವರಿಗೆ ಈ ಒಂದು ಕೀ ಮಿಕ್ಕೆಲ್ಲ ಸೌಲಭ್ಯಗಳಿಗಿಂತ ದೊಡ್ಡದು. ಹಾಗಾಗಿ ಕ್ಯಾಲೆಂಡರ್, ಅಡ್ರೆಸ್ ಬುಕ್, ಅಂದಚೆಂದದ ಗೊಡವೆಗೆ ಈ ವಿಮರ್ಶೆ ಹೋಗುವುದಿಲ್ಲ. ಮೇಲ್ ಹೊಳೆಯಾಗಿ ಬರುವಾಗ ಈ ಸಾಫ್ಟ್‌ವೇರ್ ಎಷ್ಟು ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದಷ್ಟೇ ಇಲ್ಲಿ ಮುಖ್ಯ.

ಮೈಸೂರಿನ ಎಸ್‌ಜೆಸಿಇ, ಎನ್‌ಐಇ, ಮಂಡ್ಯದ ಪಿಇಎಸ್ ಕಾಲೇಜುಗಳಲ್ಲಿ ಓದುತ್ತಾ ಓಪನ್ ಸೋರ್ಸ್‌ಗೆ ಮೊದಲ ಪ್ಯಾಚ್ (ಕೋಡ್‌ನ ತಿದ್ದುಪಡಿ) ಕಳಿಸಲು ಹೊರಟವರು, ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಲಿನಕ್ಸ್ ಡ್ರೈವರ್ ಬರೆಯುವವರು, ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುವವರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಪೈಥಾನ್‌ನ ಮುಖ್ಯ ಡೆವಲಪರ್ ಲಿಸ್ಟ್ 2022ರಲ್ಲಿ ಡಿಸ್ಕೋರ್ಸ್ ಎಂಬ ವೆಬ್ ಚರ್ಚಾತಾಣಕ್ಕೆ ಹೋಯಿತು, ನಿಜ. ಲಿನಕ್ಸ್ ಕರ್ನಲ್, ಗಿಟ್, ಪೋಸ್ಟ್‌ಗ್ರೆಸ್, ಕ್ಯೂಇಎಂಯು, ಜಿಸಿಸಿ ಎಂಬ ಓಪನ್ ಸೋರ್ಸ್ ಯೋಜನೆಗಳ ಕೆಲಸ ಮಾತ್ರ ಇವತ್ತಿಗೂ ಮೇಲ್‌ನಲ್ಲೇ ನಡೆಯುತ್ತದೆ.

ಲೆಕ್ಕ ಹಾಕಿ ನೋಡಿ. ಲಿನಕ್ಸ್ ಕರ್ನಲ್‌ನ ಮುಖ್ಯ ಲಿಸ್ಟ್‌ನಲ್ಲಿ ದಿನಕ್ಕೆ ಸಾವಿರ ಮೇಲ್ ದಾಟುವುದು ಮಾಮೂಲು. ಒಂದಕ್ಕೆ 20 ಸೆಕೆಂಡ್ ಕೊಟ್ಟರೂ ಐದೂವರೆ ಗಂಟೆ ಅಲ್ಲೇ ಹೋಯಿತು. ಒಂದು ಮೇಲ್ ಸರಾಸರಿ 10 ಕೆಬಿ ಎಂದಿಟ್ಟುಕೊಂಡರೆ ದಿನಕ್ಕೆ 10 ಎಂಬಿ, ವರ್ಷಕ್ಕೆ ಮೂರೂವರೆ ಜಿಬಿಗಿಂತ ಹೆಚ್ಚು. ಜಿಮೇಲ್ ಪುಕ್ಕಟೆ ಕೊಡುವ 15 ಜಿಬಿಯಲ್ಲಿ ಫೋಟೊ, ಡ್ರೈವ್ ಎಲ್ಲವೂ ಸೇರಿವೆ. ಒಂದೇ ಲಿಸ್ಟ್ ನಾಲ್ಕು ವರ್ಷದಲ್ಲಿ ಅದನ್ನು ನುಂಗುತ್ತದೆ. ಮೇಲ್‌ಬಾಕ್ಸ್ ತುಂಬಿ ಮೇಲ್ ವಾಪಸ್ ಹೋಗತೊಡಗಿದರೆ ಲಿಸ್ಟ್ ಕಡೆಯವರು ನಿಮ್ಮನ್ನು ನಿಲ್ಲಿಸುತ್ತಾರೆ. ಲಿಸ್ಟ್ ನಡೆಸುವ ಮೇಲ್‌ಮನ್ ಎಂಬ ಸಾಫ್ಟ್‌ವೇರ್ ಬಳಸುವ ಕಡೆಗಳಲ್ಲಿ ವಾಪಸಾದ ದಿನಕ್ಕೆ ಒಂದು ಅಂಕದಂತೆ ಲೆಕ್ಕ ಇಡುತ್ತದೆ, ಡಿಫಾಲ್ಟ್ ಮಿತಿ 5.

ಎಲ್ಲವನ್ನೂ ಓದುವ ಹಟ ಮೊದಲು ಬಿಡಬೇಕು. ಕೆಆರ್‌ಎಸ್‌ಗೆ ಒಳಹರಿವು ಏರಿದಾಗ ಆ ನೀರನ್ನೆಲ್ಲ ವಿಶ್ವೇಶ್ವರಯ್ಯ ನಾಲೆಗೆ ಯಾರೂ ತಿರುಗಿಸುವುದಿಲ್ಲ. ಗೇಟ್ ಎತ್ತಿ ಹೊಳೆಗೆ ಬಿಡುತ್ತಾರೆ, ಗದ್ದೆಗೆ ಬೇಕಾದಷ್ಟೇ ತೂಬಿನಲ್ಲಿ ಬರುತ್ತದೆ. ಮೇಲ್‌ನಲ್ಲೂ ಕೆಲಸ ಎರಡು. ಗೇಟ್ ಇರಬೇಕಾದ್ದು ಸರ್ವರ್‌ನಲ್ಲಿ, ತೂಬು ನಿಮ್ಮ ಕಂಪ್ಯೂಟರ್‌ನಲ್ಲಿ. ಎರಡನ್ನೂ ಥಂಡರ್‌ಬರ್ಡ್ ಒಂದಕ್ಕೇ ವಹಿಸಿದವರು ಬೇಗ ಬೇಸತ್ತು ಲಿಸ್ಟ್ ಬಿಡುತ್ತಾರೆ.

ಏಕೆಂದರೆ ಥಂಡರ್‌ಬರ್ಡ್‌ನ ಫಿಲ್ಟರ್ ಓಡುವುದು ಥಂಡರ್‌ಬರ್ಡ್ ತೆರೆದಿರುವಾಗ ಮಾತ್ರ. ಲ್ಯಾಪ್‌ಟಾಪ್ ಮುಚ್ಚಿದಿರೋ, ರಾತ್ರಿ ಬಂದ 400 ಮೇಲ್ ನೇರವಾಗಿ ಇನ್‌ಬಾಕ್ಸ್‌ನಲ್ಲಿ ರಾಶಿ ಬೀಳುತ್ತದೆ, ಫೋನ್ ಬೆಳಗಿನವರೆಗೂ ಟಿಂಗ್ ಟಿಂಗ್ ಅನ್ನುತ್ತಿರುತ್ತದೆ. ಬ್ಯಾಂಕಿನ ಮೇಲ್, ಕಾಲೇಜಿನ ಹಾಲ್ ಟಿಕೆಟ್ ಮೇಲ್ ಅದರಡಿ ಹೂತುಹೋಗುತ್ತವೆ. ಆದ್ದರಿಂದ ವಿಂಗಡಣೆಯನ್ನು ಜಿಮೇಲ್‌ನಲ್ಲೇ ಮುಗಿಸಿ. ಲಿಸ್ಟ್‌ನಿಂದ ಬಂದ ಒಂದು ಮೇಲ್ ತೆರೆದು ಮೂರು ಚುಕ್ಕಿಯ ಮೆನುವಿನಲ್ಲಿ ‘ಫಿಲ್ಟರ್ ಮೆಸೇಜಸ್ ಲೈಕ್ ದೀಸ್’ ಒತ್ತಿದರೆ ಹುಡುಕಾಟದ ಖಾನೆಯಲ್ಲಿ ‘ಲಿಸ್ಟ್’ ಎಂದು ಶುರುವಾಗುವ ಒಂದು ಸಾಲು ತಾನಾಗಿ ಬರುತ್ತದೆ. ಅದನ್ನು ತಿದ್ದಬೇಡಿ. ಮುಂದಿನ ಪರದೆಯಲ್ಲಿ ‘ಸ್ಕಿಪ್ ದಿ ಇನ್‌ಬಾಕ್ಸ್’, ‘ಅಪ್ಲೈ ದಿ ಲೇಬಲ್’, ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ ಮೂರಕ್ಕೂ ಟಿಕ್ ಹಾಕಿ. ಮೂರನೆಯದನ್ನು ಮರೆತರೆ ಪ್ಯಾಚ್‌ಗಳು ಸ್ಪ್ಯಾಮ್‌ಗೆ ಹೋಗಿ ಥ್ರೆಡ್‌ನ ಮಧ್ಯೆ ಮಧ್ಯೆ ಕಂತುಗಳೇ ಕಾಣೆಯಾಗುತ್ತವೆ.

ಆ ತಾನಾಗಿ ಬಂದ ಸಾಲು ಲಿಸ್ಟ್-ಐಡಿ ಹೆಡರ್ ನೋಡಿ ಕೆಲಸ ಮಾಡುತ್ತದೆ. ಲಿಸ್ಟ್ ಸರ್ವರ್ ಪ್ರತಿ ಮೇಲ್‌ಗೂ ಅಂಟಿಸುವ ಗುರುತು ಅದು, 2001ರಿಂದ ಸ್ಟ್ಯಾಂಡರ್ಡ್. ಸಬ್ಜೆಕ್ಟ್‌ನಲ್ಲಿ ಲಿಸ್ಟ್ ಹೆಸರು ಹುಡುಕುವ ಫಿಲ್ಟರ್ ನಂಬಬೇಡಿ, ಎಷ್ಟೋ ಲಿಸ್ಟ್‌ಗಳು ಸಬ್ಜೆಕ್ಟ್‌ಗೆ ಏನನ್ನೂ ಸೇರಿಸುವುದಿಲ್ಲ. ಟು ವಿಳಾಸ ಹಿಡಿದು ಮಾಡುವ ಫಿಲ್ಟರ್ ಕೂಡ ಅರ್ಧ ಸತ್ಯವೇ. ಉತ್ತರ ಕೊಟ್ಟವರು ಲಿಸ್ಟನ್ನು ಸಿಸಿಗೆ ತಳ್ಳಿದ ದಿನ, ಮೂರು ಲಿಸ್ಟ್‌ಗೆ ಒಟ್ಟಿಗೆ ಕಳಿಸಿದ ದಿನ ಎಡವುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಯಾರಾದರೂ ನಿಮ್ಮ ಪ್ಯಾಚ್‌ಗೆ ಉತ್ತರ ಬರೆಯುವಾಗ ನಿಮ್ಮ ವಿಳಾಸಕ್ಕೂ ಲಿಸ್ಟ್‌ಗೂ ಎರಡೂ ಕಡೆ ಕಳಿಸುತ್ತಾರೆ. ಮೇಲ್‌ಮನ್ ಲಿಸ್ಟ್‌ಗಳಲ್ಲಿ, ನಿಮ್ಮ ಹೆಸರು ಟು ಅಥವಾ ಸಿಸಿಯಲ್ಲಿ ಇದ್ದರೆ ಲಿಸ್ಟ್‌ನ ಪ್ರತಿಯನ್ನು ನಿಮಗೆ ಕಳಿಸದಿರುವುದೇ ಡಿಫಾಲ್ಟ್. ಆಗ ನಿಮಗೆ ಸಿಗುವುದು ನೇರವಾಗಿ ಬಂದ ಪ್ರತಿ ಮಾತ್ರ. ಅದಕ್ಕೆ ಲಿಸ್ಟ್-ಐಡಿ ಇರುವುದಿಲ್ಲ, ಲೇಬಲ್ ಬೀಳುವುದಿಲ್ಲ, ಇನ್‌ಬಾಕ್ಸ್‌ನಲ್ಲೇ ನಿಲ್ಲುತ್ತದೆ. ಕೆಲವರು ಇದನ್ನು ದೋಷ ಎಂದುಕೊಂಡು ಆ ಸೆಟ್ಟಿಂಗ್ ಬದಲಿಸುತ್ತಾರೆ. ಹಾಗೇ ಬಿಡುವುದೇ ಒಳ್ಳೆಯದು. ನಿಮ್ಮನ್ನೇ ಕೇಳಿದ ಪ್ರಶ್ನೆ ಇನ್‌ಬಾಕ್ಸ್‌ಗೇ ಬರಬೇಕು. ಅದರಿಂದ ಥ್ರೆಡ್ ಎರಡು ಫೋಲ್ಡರ್‌ಗೆ ಹರಿದು ಹಂಚಿಹೋಗುತ್ತದೆಯಲ್ಲ ಅಂದರೆ, ಥಂಡರ್‌ಬರ್ಡ್‌ನಲ್ಲಿ ಒಂದು ‘ಸೇವ್ಡ್ ಸರ್ಚ್’ ಫೋಲ್ಡರ್ ಮಾಡಿ ಇನ್‌ಬಾಕ್ಸ್ ಮತ್ತು ಲಿಸ್ಟ್ ಫೋಲ್ಡರ್ ಎರಡನ್ನೂ ಅದಕ್ಕೆ ಸೇರಿಸಿ, ಒಂದೇ ಮರವಾಗಿ ಕಾಣುತ್ತದೆ. ಇನ್ನೊಂದು ಗಾಬರಿ ಹೊಸಬರಿಗೆಲ್ಲ ಆಗುತ್ತದೆ: ನೀವು ಲಿಸ್ಟ್‌ಗೆ ಕಳಿಸಿದ ಮೇಲ್ ನಿಮಗೇ ವಾಪಸ್ ಬಂದಂತೆ ಜಿಮೇಲ್‌ನಲ್ಲಿ ಕಾಣುವುದಿಲ್ಲ. ಮೆಸೇಜ್-ಐಡಿ ಒಂದೇ ಆದ್ದರಿಂದ ಸೆಂಟ್‌ನಲ್ಲಿರುವ ಪ್ರತಿಯನ್ನೇ ಇಟ್ಟುಕೊಳ್ಳುತ್ತದೆ. ಮೇಲ್ ತಲುಪಿತೋ ಇಲ್ಲವೋ ಎಂದು ಲಿಸ್ಟ್‌ನ ಆರ್ಕೈವ್‌ನಲ್ಲಿ (ವೆಬ್‌ನಲ್ಲಿರುವ ಮೇಲ್‌ಗಳ ಸಂಗ್ರಹ) ನೋಡಿ, ಎರಡನೇ ಸಲ ಕಳಿಸಬೇಡಿ.

ಈಗ ಥಂಡರ್‌ಬರ್ಡ್ ಕಡೆ. ಖಾತೆ ಸೇರಿಸಿದ ಮೇಲೆ ಮೊದಲ ಸಿಂಕ್ ಶುರುವಾಗುವ ಮುಂಚೆ ಎರಡು ಕೆಲಸ ಮುಗಿಸಿ. ಒಂದು, ಜಿಮೇಲ್ ಸೆಟ್ಟಿಂಗ್ಸ್‌ನ ಲೇಬಲ್ಸ್ ಪುಟದಲ್ಲಿ ‘ಆಲ್ ಮೇಲ್’ ಮತ್ತು ‘ಇಂಪಾರ್ಟೆಂಟ್’ ಎದುರಿನ ‘ಶೋ ಇನ್ ಐಮ್ಯಾಪ್’ ಟಿಕ್ ತೆಗೆಯಿರಿ (ಸರ್ವರ್‌ನಲ್ಲಿರುವ ಮೇಲನ್ನು ಥಂಡರ್‌ಬರ್ಡ್‌ಗೆ ತೋರಿಸುವ ಪದ್ಧತಿ ಐಮ್ಯಾಪ್). ತೆಗೆಯದಿದ್ದರೆ ಪ್ರತಿ ಮೇಲ್ ಎರಡು ಮೂರು ಕಡೆ ಕಾಣುತ್ತದೆ, ಓದದ ಮೇಲ್‌ಗಳ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಎರಡು, ಅಕೌಂಟ್ ಸೆಟ್ಟಿಂಗ್ಸ್‌ನ ‘ಸಿಂಕ್ರೊನೈಸೇಶನ್ ಅಂಡ್ ಸ್ಟೋರೇಜ್’ನಲ್ಲಿ ಇತ್ತೀಚಿನ 30 ದಿನದ ಮೇಲ್ ಸಾಕು ಎಂದು ಹೇಳಿ. ಜಿಮೇಲ್ ಐಮ್ಯಾಪ್‌ನಲ್ಲಿ ದಿನಕ್ಕೆ 2500 ಎಂಬಿ ಇಳಿಸುವ ಮಿತಿ ಇದೆ. ಹಲವು ವರ್ಷದ ಲಿಸ್ಟ್ ಮೇಲನ್ನು ಒಂದೇ ಏಟಿಗೆ ಇಳಿಸಲು ಹೋದರೆ ಮಿತಿ ಮುಟ್ಟಿ ಖಾತೆ ತಾತ್ಕಾಲಿಕವಾಗಿ ಮುಚ್ಚಿಕೊಳ್ಳುತ್ತದೆ.

ಆಮೇಲೆ ನೋಟ. 2023ರ ಜುಲೈನಲ್ಲಿ ಬಂದ 115ನೇ ಆವೃತ್ತಿಯಿಂದ ‘ಕಾರ್ಡ್ಸ್ ವ್ಯೂ’ ಬಂದಿದೆ. ಒಂದೊಂದು ಮೇಲ್‌ಗೂ ಎರಡು ಮೂರು ಸಾಲು ತಿನ್ನುತ್ತದೆ. ಮನೆಯ ಮೇಲ್‌ಗೆ ಚೆನ್ನ, ಲಿಸ್ಟ್‌ಗೆ ಆಗದು. ಪಟ್ಟಿಯ ಮೇಲಿನ ಬಟನ್ ಒತ್ತಿ ‘ಟೇಬಲ್ ವ್ಯೂ’ಗೆ ಬನ್ನಿ, ಥ್ರೆಡ್ ಪ್ರಕಾರ ಜೋಡಿಸಿ, ಎಫ್8 ಒತ್ತಿ ಕೆಳಗಿನ ಓದುವ ಭಾಗ ಮುಚ್ಚಿ. 14 ಇಂಚಿನ ಲ್ಯಾಪ್‌ಟಾಪ್‌ನಲ್ಲೂ ಮೂವತ್ತು ಚಿಲ್ಲರೆ ಸಾಲು ಒಂದೇ ನೋಟಕ್ಕೆ ಸಿಗುತ್ತದೆ. ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಎಲ್ಲ ಥ್ರೆಡ್ ಮಡಚಿಕೊಳ್ಳುತ್ತವೆ, ನಕ್ಷತ್ರ ಚಿಹ್ನೆ ಒತ್ತಿದರೆ ಬಿಚ್ಚಿಕೊಳ್ಳುತ್ತವೆ. ಸದಾ ಮಡಚಿಯೇ ಇಡಿ.

ಮಡಚಿದ ಪಟ್ಟಿಯಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡೋಣ. ಕರ್ನಲ್ ಲಿಸ್ಟ್ ತೆರೆದಿದ್ದೀರಿ. ಮೊದಲ ಸಾಲಿನಲ್ಲಿ ಸ್ಟೇಬಲ್ ಕರ್ನಲ್‌ನ ರಿವ್ಯೂ ಸರಣಿ, ಸಬ್ಜೆಕ್ಟ್‌ನಲ್ಲಿ ಪ್ಯಾಚ್ ಎಂದು ಬರೆದು 6.1, ಪಕ್ಕದಲ್ಲಿ 000/ ಅಂದು ಮುಂದೆ ಮೂರಂಕಿಯ ಸಂಖ್ಯೆ. ಅಂದರೆ ಈ ಒಂದು ಸಾಲಿನ ಹಿಂದೆ ನೂರಾರು ಮೇಲ್ ನಿಂತಿವೆ, ಪರೀಕ್ಷೆ ಮಾಡಿದವರ ‘ಟೆಸ್ಟೆಡ್-ಬೈ’ ಉತ್ತರಗಳು ಇನ್ನೆರಡು ದಿನ ಬರುತ್ತಲೇ ಇರುತ್ತವೆ. ನಿಮ್ಮ ಡ್ರೈವರ್‌ಗೆ ಸಂಬಂಧವಿಲ್ಲ. ‘ಕೆ’. ಎರಡನೇ ಸಾಲಿನಲ್ಲಿ ಐ2ಸಿ (ಚಿಪ್‌ಗಳನ್ನು ಜೋಡಿಸುವ ಒಂದು ಬಗೆ) ಅಂತ ಶುರುವಾಗುವ ಸಬ್ಜೆಕ್ಟ್, ನಿಮ್ಮ ವಿಷಯ. ‘ಡಬ್ಲ್ಯು’ ಒತ್ತಿ, ಅದು ವಾಚ್ ಪಟ್ಟಿಗೆ ಸೇರಿತು. ಮೂರನೆಯದು ನೆಟ್‌ವರ್ಕಿಂಗ್ ಚರ್ಚೆ. ಇವತ್ತು ಬೇಡ, ನಾಳೆ ಏನಾಗುತ್ತದೋ ನೋಡೋಣ ಅನ್ನಿಸುತ್ತದೆ. ‘ಟಿ’ ಒತ್ತಿ. ಈ ಥ್ರೆಡ್ ಓದಿದ್ದಾಗಿ ಗುರುತಾಗಿ ಮುಂದಿನ ಓದದ ಥ್ರೆಡ್‌ಗೆ ಹಾರುತ್ತದೆ. ನಾಳೆ ಹೊಸ ಉತ್ತರ ಬಂದರೆ ಮತ್ತೆ ದಪ್ಪಕ್ಷರದಲ್ಲಿ ತಲೆ ಎತ್ತುತ್ತದೆ. ‘ಕೆ’ ಶಾಶ್ವತ ವಿದಾಯ, ‘ಟಿ’ ಇವತ್ತಿನ ಮಟ್ಟಿಗೆ. ಈ ಎರಡರ ವ್ಯತ್ಯಾಸ ಬೆರಳಿಗೆ ಅಂಟಿದ ಮೇಲೆ ಒಂದು ಥ್ರೆಡ್‌ಗೆ ಐದು ಸೆಕೆಂಡ್ ಸಾಕು. 200 ಥ್ರೆಡ್ ಅಂದರೂ 17 ನಿಮಿಷ.

ದೊಡ್ಡ ಥ್ರೆಡ್‌ನ ಒಂದು ಕೊಂಬೆ ಮಾತ್ರ ಜಗಳಕ್ಕೆ ತಿರುಗಿದ್ದರೆ ಶಿಫ್ಟ್ ಜತೆ ‘ಕೆ’ ಒತ್ತಿ, ಆ ಕೊಂಬೆಯಷ್ಟೇ ಹೋಗುತ್ತದೆ. ಈ ಸೌಲಭ್ಯ ಜಿಮೇಲ್‌ನ ವೆಬ್‌ನಲ್ಲಿ ಇಲ್ಲವೇ ಇಲ್ಲ, ಅಲ್ಲಿ ಚರ್ಚೆ ಒಂದೇ ಉದ್ದ ಸಾಲು. ವಾಚ್ ಮಾಡಿದವನ್ನಷ್ಟೇ ನೋಡಲು ಆಲ್ಟ್ ಒತ್ತಿ ಮೆನು ಬಾರ್ ತರಿಸಿ, ವ್ಯೂ, ಥ್ರೆಡ್ಸ್, ‘ವಾಚ್ಡ್ ಥ್ರೆಡ್ಸ್ ವಿತ್ ಅನ್‌ರೀಡ್’. ಪರೀಕ್ಷೆ ಇರುವ ವಾರ, ಡೆಡ್‌ಲೈನ್ ಇರುವ ವಾರ ಈ ನೋಟ ಒಂದೇ ಸಾಕು. ರಾಶಿಯ ಮಿಕ್ಕ ಭಾಗವನ್ನು ಶಿಫ್ಟ್ ಜತೆ ‘ಸಿ’ ಒತ್ತಿ ಓದಿದ್ದಾಗಿ ಮಾಡಿಬಿಡಿ. ಹತ್ತು ದಿನದ ಬಾಕಿಯನ್ನು ಒಂದೊಂದಾಗಿ ತೀರಿಸಲು ಕೂರುವುದು ತಪ್ಪು. ಮುಖ್ಯವಾದ ಚರ್ಚೆ ಹೇಗೂ ಮತ್ತೆ ಮೇಲೆ ಬರುತ್ತದೆ, ಆರ್ಕೈವ್ ಎಲ್ಲೂ ಓಡಿಹೋಗುವುದಿಲ್ಲ.

ಇದರ ಮೇಲೆ ಮೂರು ನಾಲ್ಕು ಫಿಲ್ಟರ್ ಸಾಕು, ಇಪ್ಪತ್ತು ಬೇಡ. ಟೂಲ್ಸ್ ಮೆನುವಿನ ‘ಮೆಸೇಜ್ ಫಿಲ್ಟರ್ಸ್’ನಲ್ಲಿ ಕ್ರಿಯೆಗಳ ಪಟ್ಟಿ ನೋಡಿ, ಅಲ್ಲಿ ‘ಇಗ್ನೋರ್ ಥ್ರೆಡ್’, ‘ವಾಚ್ ಥ್ರೆಡ್’ ಎರಡೂ ಇವೆ. ಬಹಳ ಜನ ಇದನ್ನು ಗಮನಿಸುವುದಿಲ್ಲ. ನಿಮ್ಮ ಸಬ್‌ಸಿಸ್ಟಮ್ (ಕರ್ನಲ್‌ನಲ್ಲಿ ನೀವು ಕೆಲಸ ಮಾಡುವ ಭಾಗ) ಹೆಸರು ಸಬ್ಜೆಕ್ಟ್‌ನಲ್ಲಿದ್ದರೆ ವಾಚ್. ಕಳಿಸಿದ್ದು ತಾನಾಗಿ ಕೋಡ್ ಪರೀಕ್ಷಿಸಿ ಮೇಲ್ ಹಾಕುವ ಸಿಜ್‌ಬಾಟ್ ಅಥವಾ ಕರ್ನಲ್ ಟೆಸ್ಟ್ ರೋಬಾಟ್ ಆಗಿದ್ದು, ಟು ಅಥವಾ ಸಿಸಿಯಲ್ಲಿ ನಿಮ್ಮ ವಿಳಾಸ ಇಲ್ಲದಿದ್ದರೆ ಓದಿದ್ದಾಗಿ ಗುರುತು. ಆ ಎರಡನೇ ಷರತ್ತು ಬಿಡಲೇಬಾರದು. ರೋಬಾಟ್ ನಿಮ್ಮ ಪ್ಯಾಚ್ ಬಿಲ್ಡ್ ಆಗಲಿಲ್ಲ ಎಂದು ಹೇಳುವ ಮೇಲ್ ಕೂಡ ಅದೇ ಹೆಸರಿನಲ್ಲಿ ಬರುತ್ತದೆ. ಟು ಅಥವಾ ಸಿಸಿಯಲ್ಲಿ ನೀವಿದ್ದರೆ ಸ್ಟಾರ್. ಫಿಲ್ಟರ್‌ಗಳು ಮೇಲಿಂದ ಕೆಳಕ್ಕೆ ಓಡುತ್ತವೆ, ಸ್ಟಾರ್ ಕೊಡುವುದನ್ನು ಮೊದಲು ಇಡಿ. ಇನ್ನೊಂದು ಮಾತು: ಸರ್ವರ್‌ನಲ್ಲೇ ಲೇಬಲ್‌ಗೆ ಹೋದ ಮೇಲ್ ಇನ್‌ಬಾಕ್ಸ್ ಮುಟ್ಟುವುದಿಲ್ಲ. ಹಾಗಾಗಿ ಇನ್‌ಬಾಕ್ಸ್‌ಗೆ ಎಂದು ಬರೆದ ಫಿಲ್ಟರ್ ಅದರ ಮೇಲೆ ತಾನಾಗಿ ಓಡದೆ ಇರಬಹುದು. ಲಿಸ್ಟ್ ಫೋಲ್ಡರ್‌ನಲ್ಲಿ ನಿಂತು ಟೂಲ್ಸ್ ಮೆನುವಿನ ‘ರನ್ ಫಿಲ್ಟರ್ಸ್ ಆನ್ ಫೋಲ್ಡರ್’ ಒತ್ತಿ, ಅಥವಾ ಫಿಲ್ಟರ್‌ನಲ್ಲೇ ‘ಪಿರಿಯಾಡಿಕಲಿ, ಎವ್ರಿ 10 ಮಿನಿಟ್ಸ್’ ಟಿಕ್ ಮಾಡಿ.

ಇನ್ನು ದೋಷಗಳು. ಇವು ಸಣ್ಣವಲ್ಲ.

ಒಂಟಿ ಅಕ್ಷರದ ಕೀಗಳೇ ಮೊದಲ ಅಪಾಯ. ಹುಡುಕಾಟದ ಪೆಟ್ಟಿಗೆಯಲ್ಲಿ ಕರ್ಸರ್ ಇದೆ ಎಂದುಕೊಂಡು, ಪಟ್ಟಿಯ ಮೇಲೆ ಫೋಕಸ್ ಇರುವಾಗ ಒಂದು ಇಂಗ್ಲಿಷ್ ಪದ ಟೈಪ್ ಮಾಡಿದರೆ ಅದರ ಪ್ರತಿ ಅಕ್ಷರವೂ ಆಜ್ಞೆಯಾಗುತ್ತದೆ. ‘ಕೆ’ ಇದ್ದರೆ ಥ್ರೆಡ್ ಮಾಯ, ‘ಎ’ ಇದ್ದರೆ ಆರ್ಕೈವ್‌ಗೆ, ‘ಜೆ’ ಇದ್ದರೆ ಜಂಕ್‌ಗೆ. ಕ್ವಿಕ್ ಫಿಲ್ಟರ್‌ಗೆ ಹೋಗುವಾಗ ಕಂಟ್ರೋಲ್, ಶಿಫ್ಟ್, ‘ಕೆ’ ಮೂರನ್ನೂ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಆಗಿಹೋಗಿದ್ದರೆ ವ್ಯೂ, ಥ್ರೆಡ್ಸ್, ‘ಇಗ್ನೋರ್ಡ್ ಥ್ರೆಡ್ಸ್’ ಆನ್ ಮಾಡಿ. ಮಾಯವಾದವು ಕಾಣುತ್ತವೆ, ಮತ್ತೆ ‘ಕೆ’ ಒತ್ತಿದರೆ ಬಿಡುಗಡೆ.

ಎರಡನೆಯದು ಇನ್ನೂ ನೋವಿನದು. ‘ಕೆ’ ಒತ್ತಿದ ನೆನಪು ಆ ಒಂದು ಕಂಪ್ಯೂಟರ್‌ನಲ್ಲೇ ಇರುತ್ತದೆ, ಜಿಮೇಲ್‌ಗೆ ಹೋಗುವುದಿಲ್ಲ. ಆಫೀಸಿನಲ್ಲಿ ಅಟ್ಟಿದ ಥ್ರೆಡ್ ಮನೆಯ ಲ್ಯಾಪ್‌ಟಾಪ್‌ನಲ್ಲಿ ಹಾಗೇ ಕೂತಿರುತ್ತದೆ. ಐಮ್ಯಾಪ್ ಫೋಲ್ಡರ್‌ಗಳಲ್ಲಿ ಈ ನೆನಪು ಇರುವುದು ಎಂಎಸ್‌ಎಫ್ ಎಂಬ ಸೂಚಿ ಫೈಲ್‌ನಲ್ಲಿ. ಫೋಲ್ಡರ್ ಕೆಟ್ಟಿತೆಂದು ‘ರಿಪೇರ್ ಫೋಲ್ಡರ್’ ಒತ್ತಿದರೆ ಸೂಚಿಯನ್ನು ಹೊಸದಾಗಿ ಕಟ್ಟುತ್ತದೆ, ತಿಂಗಳಿಂದ ಅಟ್ಟಿದ್ದೆಲ್ಲ ವಾಪಸ್ ಬಂದು ನಿಲ್ಲುವ ಸಾಧ್ಯತೆ ಇದೆ. ಹಾಗಾಗಿ ಲಿಸ್ಟ್ ಓದಲು ಒಂದೇ ಯಂತ್ರ ಇಟ್ಟುಕೊಳ್ಳಿ.

ಮೂರನೆಯದಕ್ಕೆ ಥಂಡರ್‌ಬರ್ಡ್ ಕಾರಣವಲ್ಲ, ಅನುಭವಿಸುವವರು ಮಾತ್ರ ನಾವೇ. ಥ್ರೆಡ್ ಕಟ್ಟುವುದು ರೆಫರೆನ್ಸಸ್, ಇನ್-ರಿಪ್ಲೈ-ಟು ಎಂಬ ಹೆಡರ್‌ಗಳಿಂದ. ಯಾರೋ ಹೊಸ ವಿಷಯ ಶುರು ಮಾಡಲು ಹಳೇ ಮೇಲ್‌ಗೆ ರಿಪ್ಲೈ ಒತ್ತಿ ಸಬ್ಜೆಕ್ಟ್ ಬದಲಿಸುತ್ತಾರೆ. ಹೆಡರ್ ಹಳೆಯದೇ. ನೀವು ಆ ಹಳೇ ಥ್ರೆಡ್‌ಗೆ ‘ಕೆ’ ಒತ್ತಿದ್ದರೆ ಹೊಸ ವಿಷಯವೂ ನಿಮಗೆ ಕಾಣದೆ ಹೋಗುತ್ತದೆ. ಇದರ ತಿರುಗುಮುರುಗು ಕೂಡ ಇದೆ: ಕರ್ನಲ್‌ನಲ್ಲಿ ಸರಣಿಯ ಎರಡನೇ, ಮೂರನೇ ಆವೃತ್ತಿಯನ್ನು ಹಳೇ ಸರಣಿಗೆ ಉತ್ತರವಾಗಿ ಕಳಿಸಬೇಡಿ, ಹೊಸ ಥ್ರೆಡ್ ಆಗಿ ಕಳಿಸಿ ಎನ್ನುವುದೇ ರೂಢಿ. ಹಾಗಾಗಿ ಮೊದಲ ಆವೃತ್ತಿಗೆ ಒತ್ತಿದ ‘ಕೆ’ ಎರಡನೆಯದಕ್ಕೆ ಲಾಗು ಆಗುವುದಿಲ್ಲ. ಪ್ರತಿ ಆವೃತ್ತಿಗೂ ಒತ್ತಬೇಕು. ಆರೇಳು ಆವೃತ್ತಿ ಕಾಣುವ ಸರಣಿಗಳು ಅಪರೂಪವಲ್ಲ.

ಡಿಸ್ಕ್ ವಿಷಯಕ್ಕೆ ಬಂದರೆ, ಡಿಫಾಲ್ಟ್ ಆಗಿ ಒಂದು ಫೋಲ್ಡರ್‌ನ ಅಷ್ಟೂ ಮೇಲ್ ಎಂಬಾಕ್ಸ್ ಎಂಬ ಒಂದೇ ಫೈಲ್‌ನಲ್ಲಿ ಕೂರುತ್ತದೆ. ಅಳಿಸಿದ ಮೇಲ್ ಗುರುತಷ್ಟೇ ಪಡೆದು ಒಳಗೇ ಇರುತ್ತದೆ, ‘ಕಾಂಪ್ಯಾಕ್ಟ್’ ಮಾಡಿದಾಗಲೇ ಜಾಗ ಬಿಡುಗಡೆ. ಕಾಂಪ್ಯಾಕ್ಟ್ ನಡೆಯುವಾಗ ಕರೆಂಟ್ ಹೋಗಿ ಯಂತ್ರ ಆರಿದರೆ ಫೋಲ್ಡರ್ ಕೆಡಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನವರು ಇದನ್ನು ನೆನಪಿಡಿ. ಲಕ್ಷಗಟ್ಟಲೆ ಮೇಲ್ ಇರುವ ಫೋಲ್ಡರ್ ತೆರೆಯಲು 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ತಡಬಡಿಸುತ್ತದೆ. ಅಷ್ಟು ಮೇಲ್ ಇಟ್ಟುಕೊಳ್ಳುವ ಅಗತ್ಯವೇ ಇಲ್ಲ, ಆರ್ಕೈವ್ ವೆಬ್‌ನಲ್ಲಿದೆ. ಎರಡು ತಿಂಗಳಿಗೊಮ್ಮೆ ಜಿಮೇಲ್ ವೆಬ್‌ನಲ್ಲಿ ಲಿಸ್ಟ್‌ನ ಲೇಬಲ್ ತೆರೆದು, 60 ದಿನಕ್ಕಿಂತ ಹಳೆಯದು ಮತ್ತು ಸ್ಟಾರ್ ಇಲ್ಲದ್ದು ಎಂದು ಹುಡುಕಿ, ಎಲ್ಲವನ್ನೂ ಆರಿಸಿ ಅಳಿಸಿ. ಅಳಿಸುವ ಮುಂಚೆ ‘ಕಾನ್ವರ್ಸೇಶನ್ ವ್ಯೂ’ ಆಫ್ ಮಾಡಿರಬೇಕು. ಇಲ್ಲವಾದರೆ ಒಂದು ಹಳೇ ಮೇಲ್ ಜತೆ ಅದರ ಇಡೀ ಚರ್ಚೆ ಟ್ರ್ಯಾಶ್‌ಗೆ ಹೋಗುತ್ತದೆ, ಸ್ಟಾರ್ ಹಾಕಿದ್ದೂ ಸೇರಿ. ಥಂಡರ್‌ಬರ್ಡ್‌ನ ‘ರಿಟೆನ್ಶನ್ ಪಾಲಿಸಿ’ಯಿಂದ ಇದೇ ಕೆಲಸ ಆಗುತ್ತದೆಂದು ನಂಬಿ ಕೂರಬೇಡಿ. ಜಿಮೇಲ್‌ನಲ್ಲಿ ಲೇಬಲ್ ಫೋಲ್ಡರ್‌ನಿಂದ ಹೋದ ಮೇಲ್ ‘ಆಲ್ ಮೇಲ್’ನಲ್ಲಿ ಉಳಿದು ಆ 15 ಜಿಬಿಯನ್ನು ತಿನ್ನುತ್ತಲೇ ಇರಬಹುದು.

ಈ ಎಲ್ಲ ತಲೆನೋವಿಗೂ ಥಂಡರ್‌ಬರ್ಡ್‌ನಲ್ಲೇ ಒಂದು ಅಡ್ಡದಾರಿ ಇದೆ. ಕರ್ನಲ್ ಲಿಸ್ಟ್‌ಗಳಿಗೆ ಅದೇ ರಾಜಮಾರ್ಗ ಎಂದರೂ ಸರಿ. ಸಬ್‌ಸ್ಕ್ರೈಬ್ ಆಗಲೇಬೇಡಿ. ಕರ್ನಲ್ ಲಿಸ್ಟ್‌ಗಳ ಆರ್ಕೈವ್ ಆದ ಲೋರ್, ತನ್ನ ಮೇಲ್‌ಗಳನ್ನು ಎನ್‌ಎನ್‌ಟಿಪಿ ಮೂಲಕವೂ ಕೊಡುತ್ತದೆ. ಹಳೇ ಯೂಸ್‌ನೆಟ್‌ನ ನ್ಯೂಸ್‌ಗ್ರೂಪ್ ಪದ್ಧತಿ ಅದು. ಥಂಡರ್‌ಬರ್ಡ್‌ನಲ್ಲಿ ಹೊಸ ‘ನ್ಯೂಸ್‌ಗ್ರೂಪ್ ಅಕೌಂಟ್’ ಮಾಡಿ, ಸರ್ವರ್ ಹೆಸರಿನ ಜಾಗದಲ್ಲಿ ಎನ್‌ಎನ್‌ಟಿಪಿ.ಲೋರ್.ಕರ್ನಲ್.ಆರ್ಗ್ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಖಾತೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಸಬ್‌ಸ್ಕ್ರೈಬ್’ ಒತ್ತಿ, ಬೇಕಾದ ಲಿಸ್ಟ್ ಹುಡುಕಿ ಟಿಕ್ ಹಾಕಿ. ಮೊದಲ ಸಲ ತೆರೆದಾಗ ಎಷ್ಟು ಹೆಡರ್ ಇಳಿಸಲಿ ಎಂದು ಕೇಳುತ್ತದೆ. 500 ಎಂದೇ ಹೇಳಿ, ‘ಆಲ್’ ಒತ್ತಿದರೆ ಲಕ್ಷಗಟ್ಟಲೆ ಹೆಡರ್‌ಗಾಗಿ ಕಾಯುತ್ತಾ ಕೂರಬೇಕಾಗುತ್ತದೆ. ಇನ್‌ಬಾಕ್ಸ್ ಮುಟ್ಟುವುದಿಲ್ಲ, 15 ಜಿಬಿ ಮುಟ್ಟುವುದಿಲ್ಲ, ಬೇಸರವಾದ ದಿನ ಬಿಟ್ಟುಹೋಗಲು ಯಾರನ್ನೂ ಕೇಳಬೇಕಿಲ್ಲ. ‘ಕೆ’, ‘ಟಿ’, ‘ಡಬ್ಲ್ಯು’ ಎಲ್ಲವೂ ಇಲ್ಲಿ ನಡೆಯುತ್ತವೆ. ಕಾಲೇಜಿನ ಮೇಲ್ ಖಾತೆಯಲ್ಲಿ ಐಮ್ಯಾಪ್ ನಿಲ್ಲಿಸಿದ್ದರೂ ಓದಲು ಅಡ್ಡಿಯಿಲ್ಲ. ಕರ್ನಲ್ ಅಲ್ಲದ ಎಷ್ಟೋ ಲಿಸ್ಟ್‌ಗಳಿಗೆ ಇದೇ ಕೆಲಸವನ್ನು ಜಿಮೇನ್ ಎಂಬ ಸೇವೆ ಮಾಡುತ್ತದೆ. 2002ರಿಂದ ಇದೆ, 2020ರಲ್ಲಿ ವಿಳಾಸ ಜಿಮೇನ್.ಐಓ ಆಯಿತು.

ಇದರಲ್ಲಿ ಎರಡು ಎಚ್ಚರ. ಲೋರ್‌ನ ಸರ್ವರ್ ಓದಲು ಮಾತ್ರ. ಉತ್ತರ ಬರೆಯುವಾಗ ‘ಫಾಲೋಅಪ್’ ಒತ್ತಬೇಡಿ, ‘ರಿಪ್ಲೈ ಆಲ್’ ಒತ್ತಿ, ವಿಳಾಸದ ಸಾಲಿನಲ್ಲಿ ನ್ಯೂಸ್‌ಗ್ರೂಪ್ ಉಳಿದಿದ್ದರೆ ಅಳಿಸಿ ಲಿಸ್ಟ್‌ನ ಮೇಲ್ ವಿಳಾಸ ಇದೆಯೇ ನೋಡಿ. ಎರಡನೆಯದು, ಪೋರ್ಟ್ 119 ಅಥವಾ 563 ತೆರೆದಿರಬೇಕು. ಹಾಸ್ಟೆಲ್, ಆಫೀಸ್ ವೈಫೈಗಳಲ್ಲಿ ಇವು ಮುಚ್ಚಿರುವುದುಂಟು. ಆಗ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಮ್ಮೆ ಹೆಡರ್ ಇಳಿಸಿಕೊಳ್ಳಿ. ಹೆಡರ್ ಅಷ್ಟೇ ಆದ್ದರಿಂದ ಡೇಟಾ ಹೆಚ್ಚು ಹೋಗದು.

ಇನ್ನೂ ಕಿರಿದಾದ ತೂಬು ಬೇಕಿದ್ದವರಿಗೆ ಲೋರ್‌ನ ಹುಡುಕಾಟ ಇದೆ. ಡಿ, ಎಫ್, ಎನ್ ಮೂರು ಇಂಗ್ಲಿಷ್ ಅಕ್ಷರ, ಕೋಲನ್, ಆಮೇಲೆ ನಿಮ್ಮ ಫೈಲ್‌ನ ದಾರಿ. ಆ ಫೈಲ್ ಮುಟ್ಟುವ ಪ್ಯಾಚ್‌ಗಳು ಮಾತ್ರ ಬರುತ್ತವೆ. ಫಲಿತಾಂಶದ ಪುಟದಲ್ಲಿ ‘ಆಟಮ್ ಫೀಡ್’ (ಹೊಸದು ಬಂದಂತೆ ಸೇರುತ್ತಾ ಹೋಗುವ ಪಟ್ಟಿ) ಕೊಂಡಿ ಇರುತ್ತದೆ, ಅದನ್ನು ಥಂಡರ್‌ಬರ್ಡ್‌ನ ‘ಫೀಡ್ಸ್’ ಖಾತೆಗೆ ಸೇರಿಸಿ. ಒಂದೇ ಡ್ರೈವರ್ ನೋಡಿಕೊಳ್ಳುವವರಿಗೆ ಸಾವಿರದ ಲಿಸ್ಟ್ ಬೆರಳೆಣಿಕೆಗೆ ಇಳಿಯುತ್ತದೆ.

ರೈಲಿನವರಿಗೆ. ಮೈಸೂರು–ಬೆಂಗಳೂರು ದಾರಿಯಲ್ಲಿ ಸಿಗ್ನಲ್ ನೆಚ್ಚಿಕೊಂಡು ವೆಬ್‌ಮೇಲ್ ಓದುವುದು ಸಿಟ್ಟಿಗೇ ದಾರಿ. ಐಮ್ಯಾಪ್ ಫೋಲ್ಡರ್‌ಗಳ ಮೇಲ್ ಹೇಗೂ ಯಂತ್ರದಲ್ಲೇ ಇರುತ್ತದೆ. ನ್ಯೂಸ್‌ಗ್ರೂಪ್‌ಗಳಿಗೆ ಮಾತ್ರ ಹೇಳಬೇಕು: ಗ್ರೂಪ್‌ನ ‘ಪ್ರಾಪರ್ಟೀಸ್’ನಲ್ಲಿ ಆಫ್‌ಲೈನ್ ಬಳಕೆಗೆ ಆರಿಸಿ, ಮನೆ ಬಿಡುವ ಮುಂಚೆ ಫೈಲ್, ಆಫ್‌ಲೈನ್, ‘ಡೌನ್‌ಲೋಡ್/ಸಿಂಕ್ ನೌ’. ರೈಲು ಶ್ರೀರಂಗಪಟ್ಟಣ, ಪಾಂಡವಪುರ ದಾಟುವಷ್ಟರಲ್ಲಿ ಜರಡಿ ಹಿಡಿಯುವ ಕೆಲಸ ಮುಗಿದು, ಮಂಡ್ಯದಿಂದ ಮುಂದಕ್ಕೆ ನಿಜವಾಗಿ ಓದಬೇಕಾದ ಐದಾರು ಥ್ರೆಡ್ ಕೈಯಲ್ಲಿರುತ್ತವೆ. ಬರೆದ ಉತ್ತರ ಔಟ್‌ಬಾಕ್ಸ್‌ನಲ್ಲಿ ಕಾಯುತ್ತದೆ, ಕೆಂಗೇರಿ ಹತ್ತಿರ ಆನ್‌ಲೈನ್ ಆದಾಗ ಕಳಿಸಲೇ ಎಂದು ಕೇಳುತ್ತದೆ. ಕಳಿಸುವ ಮುಂಚೆ ಒಮ್ಮೆ ಲಿಸ್ಟ್ ತಾಜಾ ಮಾಡಿ ನೋಡಿ, ಅಷ್ಟರಲ್ಲಿ ಅದೇ ಉತ್ತರವನ್ನು ಇನ್ನೊಬ್ಬರು ಕೊಟ್ಟಿರುತ್ತಾರೆ.

ಉತ್ತರ ಬರೆಯುವ ವಿಷಯದಲ್ಲಿ ಥಂಡರ್‌ಬರ್ಡ್‌ನ ಡಿಫಾಲ್ಟ್‌ಗಳು ಲಿಸ್ಟ್‌ಗೆ ಹೊಂದುವುದಿಲ್ಲ. ಅದು ಎಚ್‌ಟಿಎಂಎಲ್‌ನಲ್ಲಿ ಬರೆಯುತ್ತದೆ, ಕರ್ನಲ್‌ನ ಲಿಸ್ಟ್ ಸರ್ವರ್ ಎಚ್‌ಟಿಎಂಎಲ್ ಮೇಲನ್ನು ತಿರಸ್ಕರಿಸುತ್ತದೆ. ‘ಕಾಂಪೊಸಿಶನ್ ಅಂಡ್ ಅಡ್ರೆಸಿಂಗ್’ನಲ್ಲಿ ಆ ಟಿಕ್ ತೆಗೆದು, ಉತ್ತರ ಉಲ್ಲೇಖದ ಕೆಳಗೆ ಶುರುವಾಗಲಿ ಎಂದು ಆರಿಸಿ. ಪ್ಯಾಚ್ ಕಳಿಸಲು ಮಾತ್ರ ಇದನ್ನು ಬಳಸಬೇಡಿ, ಟ್ಯಾಬ್ ಮತ್ತು ಸಾಲುಗಳನ್ನು ಕೆಡಿಸುತ್ತದೆ. ಅದಕ್ಕೆ ಗಿಟ್ ಸೆಂಡ್-ಇಮೇಲ್ ಎಂಬ ಆಜ್ಞೆ ಇದೆ. ಜಿಮೇಲ್ ಜತೆ ಬಳಸಲು ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು.

ಬೇರೆ ದಾರಿಗಳ ಬಗ್ಗೆ ಚುಟುಕಾಗಿ. ಹಲವು ಮೇಲ್ ಸೇರಿಸಿ ಒಂದಾಗಿ ಕಳಿಸುವ ಡೈಜೆಸ್ಟ್ ತೆಗೆದುಕೊಂಡರೆ ಮೇಲ್ ಕಡಿಮೆಯಾಗುತ್ತದೆ ಅನ್ನುವುದು ಸಣ್ಣ ಲಿಸ್ಟ್‌ಗೆ ಸರಿ. ಮೇಲ್‌ಮನ್‌ನಲ್ಲಿ ಡೈಜೆಸ್ಟ್‌ನ ಡಿಫಾಲ್ಟ್ ಗಾತ್ರ 30 ಕೆಬಿ, ದೊಡ್ಡ ಲಿಸ್ಟ್‌ನಲ್ಲಿ ದಿನಕ್ಕೆ ಹಲವು ಡೈಜೆಸ್ಟ್ ಬರುತ್ತವೆ, ‘ಕೆ’ ಒತ್ತಲು ಒಳಗೆ ಥ್ರೆಡ್ಡೇ ಇರುವುದಿಲ್ಲ. ಅದಕ್ಕೆ ರಿಪ್ಲೈ ಒತ್ತಿದರೆ ಸಬ್ಜೆಕ್ಟ್ ಡೈಜೆಸ್ಟ್‌ನದ್ದಾಗಿ ಚರ್ಚೆ ಮುರಿಯುತ್ತದೆ. ಜಿಮೇಲ್ ವೆಬ್‌ನ ಮ್ಯೂಟ್ ಇನ್‌ಬಾಕ್ಸ್‌ಗೆ ಬರದಂತೆ ತಡೆಯುತ್ತದೆ ಅಷ್ಟೇ. ಲೇಬಲ್‌ಗೆ ಹೋಗುವ ಲಿಸ್ಟ್ ಮೇಲ್‌ಗೆ ಅದರಿಂದ ಉಪಯೋಗವಿಲ್ಲ, ಓದದ ಎಣಿಕೆ ಏರುತ್ತಲೇ ಇರುತ್ತದೆ. ಟರ್ಮಿನಲ್‌ನಲ್ಲೇ ಬದುಕುವವರಿಗೆ ನಿಯೋಮಟ್, ನಾಟ್‌ಮಚ್ ಎಂಬ ಮೇಲ್ ಸಾಫ್ಟ್‌ವೇರ್‌ಗಳು ವೇಗದಲ್ಲಿ ಥಂಡರ್‌ಬರ್ಡ್‌ಗಿಂತ ಬಹಳ ಮುಂದೆ. ಹೊಂದಿಸಲು ಒಂದು ವಾರಾಂತ್ಯ ಎತ್ತಿಡಬೇಕು.

ಫೋನ್‌ಗೆ ಕೆ-9 ಮೇಲ್ ಆಧರಿಸಿದ ಥಂಡರ್‌ಬರ್ಡ್ ಆಂಡ್ರಾಯ್ಡ್‌ನಲ್ಲಿ 2024ರ ಅಕ್ಟೋಬರ್‌ನಿಂದ ಸಿಗುತ್ತದೆ. ಇನ್‌ಬಾಕ್ಸ್‌ಗೆ ಚೆನ್ನಾಗಿದೆ. ನ್ಯೂಸ್‌ಗ್ರೂಪ್ ಇಲ್ಲ, ‘ಕೆ’ಯಂಥದ್ದೂ ಇಲ್ಲ. ಫೋನ್‌ನಲ್ಲಿ ಲಿಸ್ಟ್ ಲೇಬಲ್‌ಗಳಿಗೆ ಸಿಂಕ್ ಮತ್ತು ನೋಟಿಫಿಕೇಶನ್ ಎರಡನ್ನೂ ಆಫ್ ಮಾಡಿ, ನಿಮಗೇ ಬರೆದ ಮೇಲ್ ಇನ್‌ಬಾಕ್ಸ್‌ಗೆ ಬಂದಾಗ ಮಾತ್ರ ಅದು ಸದ್ದು ಮಾಡಲಿ.